ಎಂಟನೇ ಮನೆಯ ಕಣ್ಣು

ಮೊಲ್ದಿರ್ ಲಟ್ಟಿಸಿದ ಹಿಟ್ಟಿನ ಮೇಲೆ ಲೋಟ ಬೋರಲಿಟ್ಟು ಒತ್ತಿದಳು. ದುಂಡಗಿನ ತುಂಡು ಬಿಟ್ಟುಕೊಂಡಿತು. ಅಮ್ಮ ಅದನ್ನು ಎತ್ತಿ ಕಾದ ಎಣ್ಣೆಗೆ ಹಾಕಿದಳು. ಬೌರ್ಸಾಕ್ ಬುಸ್ಸೆಂದು ಉಬ್ಬಿ, ತಾನೇ ಮಗುಚಿಕೊಂಡು ಕೆಂಪಗಾಯಿತು.

"ಇನ್ನು ಹತ್ತು ಮಾಡಿದ್ರೆ ಸಾಕು," ಎಂದಳು ಅಮ್ಮ. "ಆಮೇಲೆ ಕೈ ತೊಳ್ಕೊಂಡು ರೆಡಿಯಾಗು. ಕೆಂಪು ಟೋಪಿ ಹಾಕ್ಕೊ."

"ನಾನು ಬೂದು ಟೋಪಿ ಹಾಕ್ಕೋತೀನಿ."

"ಅದು ತೂತು ಬಿದ್ದಿದೆ. ನಾವು ಮನೆ ಕೇಳೋಕೆ ಹೋಗ್ತಿರೋದು, ಭಿಕ್ಷೆ ಕೇಳೋಕಲ್ಲ."

ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದ ಶಾರಿಪಾ ಅತ್ತೆ ನಕ್ಕಳು. ಆ ಟೋಪಿ ಹೆಣೆದವಳು ಅವಳೇ. "ಟೋಪಿ ವಿಷಯ ಬಿಡಿ, ಚಹಾ ಹೊಯ್ಯೋವಾಗ ಬಟ್ಟಲು ನೋಡ್ತಿರಿ," ಎಂದಳು. "ಬೀಗದ ಕೈ ಇಟ್ಕೊಂಡಿರೋ ಆ ಮುದುಕಿ ಸ್ವಲ್ಪ ಸ್ವಲ್ಪಾನೇ ಹಾಕ್ತಿದ್ರೆ ನೀವು ಅವಳಿಗೆ ಬೇಕಾದೋರು ಅಂತ. ಅಂಚಿನವರೆಗೂ ತುಂಬಿಸಿಬಿಟ್ಟಳು ಅಂದ್ರೆ ಸುಮ್ಮನೆ ಎದ್ದು ಕೋಟು ಹುಡುಕ್ಕೊಳ್ಳಿ."

ಇದು ಮೊಲ್ದಿರ್‌ಗೂ ಗೊತ್ತಿತ್ತು. ಅವರ ಊರಿನಲ್ಲಿ ಯಾರೂ ನೆಂಟರಿಗೆ 'ಇನ್ನು ಹೊರಡಿ' ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಬಟ್ಟಲೇ ಹೇಳುತ್ತದೆ.

ಅವಳಿಗೆ ನಗು ಬರಲಿಲ್ಲ. ಕೋಟಿನ ಜೇಬಿನಲ್ಲಿದ್ದ ಒಂದು ಪುಟ್ಟ ವಸ್ತು ಬೆಳಿಗ್ಗೆಯಿಂದ ಅವಳ ಎದೆಯ ಮೇಲೆ ಕಲ್ಲಿನಂತೆ ಕೂತಿತ್ತು.

ಮೊಲ್ದಿರ್ ಹುಟ್ಟುವ ಮೊದಲೇ ಊರಿನ ರಸಗೊಬ್ಬರದ ಕಾರ್ಖಾನೆ ಮುಚ್ಚಿಹೋಗಿತ್ತು. ಜನ ಬಾಗಿಲಿಗೆ ಬೀಗ ಹಾಕಿಕೊಂಡು ಎಲ್ಲೆಲ್ಲಿಗೋ ಹೊರಟುಹೋಗಿದ್ದರು. ಐದೈದು ಮಹಡಿಯ ಕಟ್ಟಡಗಳಲ್ಲಿ ರಾತ್ರಿ ಒಂದೋ ಎರಡೋ ಕಿಟಕಿಗಳಲ್ಲಿ ಮಾತ್ರ ದೀಪ ಕಾಣುತ್ತಿತ್ತಂತೆ. ಕಾರ್ಖಾನೆ ಮತ್ತೆ ತೆರೆದು ಈಗ ಮೂರು ವರ್ಷ. ಅಪ್ಪನಿಗೆ ಅಲ್ಲಿ ಲೋಡರ್ ಓಡಿಸುವ ಕೆಲಸ ಸಿಕ್ಕಿತು. ಬ್ರೆಡ್ ಅಂಗಡಿ ತೆರೆಯಿತು, ಬಸ್ಸು ಬಂತು. ಖಾಲಿ ಮನೆಗಳನ್ನು ಕೊಳ್ಳಲು ಕೇಳುವವರೂ ಹುಟ್ಟಿಕೊಂಡರು.

ಅಪ್ಪ, ಅಮ್ಮ, ಮೊಲ್ದಿರ್ ಮತ್ತು ಅವಳ ಇಬ್ಬರು ತಮ್ಮಂದಿರು ಅತ್ತೆಯ ಮನೆಯ ಒಂದೇ ಕೋಣೆಯಲ್ಲಿದ್ದರು. ಮೇ ತಿಂಗಳಲ್ಲಿ ಅತ್ತೆಯ ಮಗನ ಮದುವೆ. ಸೊಸೆ ಬಂದರೆ ಆ ಕೋಣೆ ಅವಳಿಗೆ. ಅಷ್ಟರೊಳಗೆ ಇವರಿಗೆ ಮನೆ ಆಗಲೇಬೇಕಿತ್ತು.

ಹದಿನಾಲ್ಕನೇ ಬ್ಲಾಕಿನ ಮೂರನೇ ಮಹಡಿ, ಎಂಟನೇ ನಂಬರು. ಅಮ್ಮ ಹೋದ ವಾರ ನೋಡಿಕೊಂಡು ಬಂದು, ಅಡುಗೆಮನೆಗೆ ಬೆಳಗಿನ ಬಿಸಿಲು ಬೀಳುತ್ತದೆ ಎಂದು ಮೂರು ಸಲ ಹೇಳಿದ್ದಳು. ಮನೆಯ ಒಡತಿ ಗಲೀನಾ ಬಹಳ ವರ್ಷಗಳಿಂದ ದೂರದ ಓಮ್ಸ್ಕ್‌ನಲ್ಲಿದ್ದಳು. ಅವಳು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ಬೀಗದ ಕೈ ಕೆಳಗೆ ಮೊದಲ ಮಹಡಿಯಲ್ಲಿರುವ ರಿಸಾಲ್ದಿಯ ಹತ್ತಿರ ಇದೆ, ಅವಳು ಒಪ್ಪಿದರೆ ನಾನೂ ಒಪ್ಪಿದ ಹಾಗೆ.

"ಎಲ್ಲಾ ಚೆನ್ನಾಗಿದೆ," ಎಂದಿದ್ದಳು ಅಮ್ಮ. "ಬಾಗಿಲಲ್ಲಿ ಒಂದು ತೂತು ಇದೆ, ಚಿಂದಿ ತುರುಕಿದಾರೆ, ಅಷ್ಟೇ."

ಆಗ ಮೊಲ್ದಿರ್ ಕಚ್ಚಿದ್ದ ಬ್ರೆಡ್ಡನ್ನು ಹಾಗೆಯೇ ತಟ್ಟೆಗಿಟ್ಟಿದ್ದಳು.

ಆ ತೂತಿನಲ್ಲಿ ಇದ್ದದ್ದೇ ಈಗ ಅವಳ ಜೇಬಿನಲ್ಲಿತ್ತು. ಬೆಲ್ ಮಾಡಿದವರು ಯಾರೆಂದು ಒಳಗಿನಿಂದ ನೋಡುವುದಕ್ಕೆ ಬಾಗಿಲಿಗೆ ಕೂಡಿಸಿರುತ್ತಾರಲ್ಲ, ಆ ಗಾಜಿನ ಕಣ್ಣು. ಚಳಿ ಶುರುವಾಗುವ ಮೊದಲು ಅವಳೂ ಗೆಳತಿ ಕಾಮ್‌ಶಾತಳೂ ಸ್ಕೂಲು ಬಿಟ್ಟ ಮೇಲೆ ಆ ಮೆಟ್ಟಿಲುಗಳಲ್ಲಿ ಆಡುತ್ತಿದ್ದರು. ಒಂದೊಂದು ಬಾಗಿಲು ಒಬ್ಬೊಬ್ಬರ ಮನೆ ಎಂಬ ಆಟ. ಒಂದು ದಿನ ಎಂಟನೇ ನಂಬರಿನ ಕಣ್ಣು ಅಲುಗಾಡುತ್ತಿತ್ತು. ತಿರುಗಿಸಿದಳು, ಕೈಗೇ ಬಂತು. ಒಳಗಿನ ಅರ್ಧ ಭಾಗ ಖಾಲಿ ಮನೆಯ ನೆಲಕ್ಕೆ ಟಣ್ ಎಂದು ಬಿತ್ತು. ಕೆಳಗಿನ ಮನೆಯ ಮುದುಕಿ "ಯಾರದು?" ಎಂದು ಬಾಗಿಲು ತೆಗೆಯುವಷ್ಟರಲ್ಲಿ ಇಬ್ಬರೂ ಅವಳ ಮುಂದೆಯೇ ಹಾರಿಕೊಂಡು ಓಡಿದ್ದರು. ಮುಖ ನೋಡಿರಲಾರಳು. ಕೆಂಪು ಟೋಪಿಯನ್ನು ಖಂಡಿತ ನೋಡಿರುತ್ತಾಳೆ.

ಎಸೆದುಬಿಡು ಎಂದು ಕಾಮ್‌ಶಾತ್ ಎಷ್ಟೋ ಸಲ ಹೇಳಿದ್ದಳು. ಮೊಲ್ದಿರ್‌ಗೆ ಮನಸ್ಸು ಬಂದಿರಲಿಲ್ಲ.

ಕೊನೆಗೆ ಅವಳು ಕೆಂಪು ಟೋಪಿಯನ್ನೇ ಹಾಕಿಕೊಂಡು ಹೊರಡಬೇಕಾಯಿತು. ಬ್ಲಾಕಿನ ಬಾಗಿಲು ತಲುಪುತ್ತಲೇ ಸೆಕೆ ಎಂದು ಅದನ್ನು ತೆಗೆದು ಕೋಟಿನ ತೋಳಿನೊಳಗೆ ತುರುಕಿಕೊಂಡಳು. ಹೊರಗೆ ಹಿಮ ಇನ್ನೂ ಪೂರ್ತಿ ಕರಗಿರಲಿಲ್ಲ. ಅಮ್ಮ ಒಂದು ಸಲ ನೋಡಿ ಮುಂದೆ ನಡೆದಳು.

ರಿಸಾಲ್ದಿ ಅಜ್ಜಿ ಕುಳ್ಳಗೆ, ಗಟ್ಟಿಮುಟ್ಟಾಗಿದ್ದಳು. ಅವಳ ಅಡುಗೆಮನೆಯ ಕಿಟಕಿಯ ಒಂದು ಗಾಜಿನ ಜಾಗದಲ್ಲಿ ತಗಡು ಇತ್ತು, ತಗಡಿನ ನಡುವೆ ದುಂಡಗಿನ ತೂತು. ಮನೆಯನ್ನು ಬೆಚ್ಚಗಿಡುವ ಬಿಸಿನೀರಿನ ಪೈಪು ಸತ್ತುಹೋಗಿದ್ದ ಕಾಲದಲ್ಲಿ ಒಲೆಯ ಹೊಗೆ ಹೋಗುತ್ತಿದ್ದ ದಾರಿ. ಈಗ ಪೈಪು ಬೆಚ್ಚಗಿದ್ದರೂ ಅವಳು ತಗಡು ತೆಗೆಸಿರಲಿಲ್ಲ. "ಯಾವುದನ್ನೂ ನಂಬೋಕಾಗಲ್ಲ," ಎಂದಳು.

ಚಹಾ ಬಂತು. ಹಾಲು ಹಾಕಿದ ಕೆಂಪು ಚಹಾ, ಬಟ್ಟಲಿನಲ್ಲಿ ಅರ್ಧಕ್ಕಿಂತ ಕಡಿಮೆ. ಮೊಲ್ದಿರ್ ಉಸಿರು ಬಿಟ್ಟಳು. ಅಜ್ಜಿ ಬೌರ್ಸಾಕ್ ಕಚ್ಚಿ ನೋಡಿ ತಲೆದೂಗಿದಳು. ಅಪ್ಪ ಯಾವ ಶಿಫ್ಟು, ಮಕ್ಕಳೆಷ್ಟು, ಅಮ್ಮನ ತವರು ಯಾವುದು ಎಂದೆಲ್ಲ ವಿಚಾರಿಸಿದಳು. ಎರಡನೇ ಸಲವೂ ಸ್ವಲ್ಪವೇ ಹೊಯ್ದಳು. ಮೂರನೆಯದೂ ಅಷ್ಟೇ.

ಆಮೇಲೆ ಒಂದು ತಗಡಿನ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಅದರ ತುಂಬ ಬೀಗದ ಕೈಗಳು. ಊರು ಬಿಟ್ಟು ಹೋದವರು ಒಬ್ಬೊಬ್ಬರಾಗಿ ಅವಳ ಕೈಗೆ ಕೊಟ್ಟು ಹೋಗಿದ್ದವು.

"ಬೇರೆ ಮೆಟ್ಟಿಲುಗಳ ಮನೆಗಳಲ್ಲಿ ನಲ್ಲಿ ಬಿಚ್ಚಿದರು, ಕಿಟಕಿ ಕಿತ್ತರು, ನೆಲದ ಹಲಗೆ ಕೂಡ ಬಿಡಲಿಲ್ಲ," ಎಂದಳು. "ನನ್ನ ಮೆಟ್ಟಿಲಿನ ಮನೆಗಳಿಂದ ಒಂದು ಮೊಳೆ ಹೋಗಿರಲಿಲ್ಲ. ಚಳಿಗಾಲದಲ್ಲಿ ಕಬ್ಬಿಣದ ಸರಳು ಹಿಡ್ಕೊಂಡು ಮಲಗ್ತಿದ್ದೆ. ಈಗ ಒಳ್ಳೇ ಕಾಲ ಬಂತು ಅನ್ನೋವಾಗ ಗಲೀನಾ ಬಾಗಿಲಿನ ಕಣ್ಣು ಹೋಯ್ತು."

ಅಮ್ಮ ನಕ್ಕಳು. "ಅಷ್ಟು ತಾನೇ ಅಜ್ಜಿ? ಹೊಸದು ಹಾಕಿಸಿದರಾಯ್ತು."

ಅಜ್ಜಿ ನಗಲಿಲ್ಲ. "ನಿನಗೆ ಅದು ಅಷ್ಟು. ಅವಳು ನನ್ನನ್ನ ನಂಬಿ ಹೋದಳು. ಅವಳ ಮನೇಲಿ ಏನೂ ಹೋಗಿಲ್ಲ ಅಂತ ನಾನೀಗ ಯಾವ ಬಾಯಲ್ಲಿ ಹೇಳಲಿ? ಬೇಸಿಗೆಯಲ್ಲಿ ಅವಳೇ ಬರಲಿ, ಕಣ್ಣಾರೆ ನೋಡಲಿ, ಆಮೇಲೆ ಬೇಕಾದವರಿಗೆ ಮಾರಲಿ. ನಾನು ಮಧ್ಯೆ ಮಾತು ಕೊಡೋದಿಲ್ಲ."

ಆ ಊರಿನಲ್ಲಿ ಬೇಸಿಗೆ ಎಂದರೆ ಮೇ ಕಳೆದ ಮೇಲೆ. ಅಮ್ಮನ ಮುಖದ ನಗು ಮೆಲ್ಲಗೆ ಇಳಿದುಹೋಯಿತು. ಅವಳು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತಳು. ಮೊಲ್ದಿರ್‌ಗೆ ಅದನ್ನು ನೋಡಲಾಗಲಿಲ್ಲ.

ಅವಳು ಇನ್ನೂ ಬಿಚ್ಚಿರದ ಕೋಟಿನ ಜೇಬಿಗೆ ಕೈ ಹಾಕಿದಳು. ಕಣ್ಣನ್ನು ತೆಗೆದು ಬೌರ್ಸಾಕ್ ತಟ್ಟೆಯ ಪಕ್ಕದಲ್ಲಿಟ್ಟಳು. ಅದು ಅರ್ಧ ಸುತ್ತು ಉರುಳಿ ನಿಂತಿತು.

"ನಾನು ತಗೊಂಡಿದ್ದು," ಎಂದಳು. "ಕಾಮ್‌ಶಾತ್ ಅಲ್ಲ, ನಾನೇ."

ಅಮ್ಮನ ಕಿವಿಯವರೆಗೂ ಕೆಂಪೇರಿತು. "ಅಜ್ಜಿ, ನನಗೆ ಗೊತ್ತಿರಲಿಲ್ಲ," ಎನ್ನುತ್ತ ಎದ್ದಳು. "ನಾವು ಹೊರಡ್ತೀವಿ. ಕ್ಷಮಿಸಿಬಿಡಿ."

ರಿಸಾಲ್ದಿ ಅಜ್ಜಿ ಅದನ್ನು ಎತ್ತಿಕೊಂಡಳು. ತಲೆವಸ್ತ್ರದ ತುದಿಯಿಂದ ಒರೆಸಿದಳು. ಒಂದು ಕಣ್ಣು ಮುಚ್ಚಿ, ಗಾಜಿನ ಮೂಲಕ ಮೊಲ್ದಿರ್‌ಳನ್ನೇ ಬಹಳ ಹೊತ್ತು ನೋಡಿದಳು.

"ಕೆಂಪು ಟೋಪಿ ಎಲ್ಲಿ?"

ಮೊಲ್ದಿರ್ ತೋಳಿನಿಂದ ಟೋಪಿ ಎಳೆದು ತೋರಿಸಿದಳು.

"ಇದನ್ನ ಯಾಕೆ ತಗೊಂಡೆ? ಮಾರೋಕಾ?"

"ಅಲ್ಲ." ಮೊಲ್ದಿರ್‌ಳ ದನಿ ಸಣ್ಣದಾಯಿತು. "ಇದರಲ್ಲಿ ನೋಡಿದ್ರೆ ನಮ್ಮ ಕೋಣೆ ದೊಡ್ಡದಾಗಿ ಕಾಣುತ್ತೆ. ಗೋಡೆಗಳೆಲ್ಲ ದೂರ ಹೋಗ್ತವೆ. ಐದು ಜನ ಮಲಗಿದ್ರೂ ಇನ್ನೂ ಜಾಗ ಇರುತ್ತೆ."

ಅಮ್ಮ ಕೋಟಿಗೆ ಕೈ ಚಾಚಿದವಳು ಹಾಗೆಯೇ ನಿಂತಿದ್ದಳು.

ಅಜ್ಜಿ ಮೊಲ್ದಿರ್‌ಳ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು ಟೀ ಪಾತ್ರೆ ಎತ್ತಿದಳು. ಮೊಲ್ದಿರ್ ಕಣ್ಣು ಮುಚ್ಚಿಕೊಂಡಳು. ಚಹಾ ಬೀಳುವ ಸದ್ದು ಕೇಳಿಸಿತು. ಅದು ನಿಂತ ಮೇಲೆ ಮೆಲ್ಲಗೆ ಕಣ್ಣು ಬಿಟ್ಟಳು.

ಬಟ್ಟಲಿನಲ್ಲಿ ಎರಡು ಗುಟುಕು ಚಹಾ ಇತ್ತು, ಅಷ್ಟೇ.

"ನೀನ್ಯಾಕೆ ಎದ್ದೆ?" ಅಜ್ಜಿ ಅಮ್ಮನನ್ನು ಗದರಿಸಿದಳು. "ನಾನು ಬಟ್ಟಲು ತುಂಬಿಸಿದೆನಾ? ಕೂತ್ಕೊ."

ಅಮ್ಮ ಕುಳಿತಳು, ಕುರ್ಚಿ ಇರುವುದನ್ನು ಕೈಯಲ್ಲಿ ಮುಟ್ಟಿ ನೋಡಿಕೊಂಡು. ಅಜ್ಜಿ ಫೋನು ಹುಡುಕಿ ಓಮ್ಸ್ಕ್‌ಗೆ ಕರೆ ಮಾಡಿದಳು. ಅಷ್ಟು ದೂರಕ್ಕೆ ಕೇಳಿಸಬೇಕಲ್ಲ ಎನ್ನುವ ಹಾಗೆ ಜೋರಾಗಿ ಮಾತಾಡಿದಳು.

"ಗಲೀನಾ, ನಿನ್ನ ಬಾಗಿಲಿನ ಕಣ್ಣು ಊರು ನೋಡೋಕೆ ಹೋಗಿತ್ತು. ಈಗ ವಾಪಸ್ ಬಂದಿದೆ. ಏನೂ ಕಳೆದಿಲ್ಲ. ಕೇಳಿಸ್ತಾ? ನನ್ನ ಮೆಟ್ಟಿಲಿಂದ ಏನೂ ಕಳೆದಿಲ್ಲ."

ಅತ್ತ ಕಡೆಯಿಂದ ಗಲೀನಾ ನಗುವುದು ಕೇಳಿಸಿತು. ಮನೆ ಕೇಳಿದ ಜನ ಹೇಗೆ ಎಂದು ಅವಳು ವಿಚಾರಿಸಿದಳು.

"ಅಮ್ಮ ಬೌರ್ಸಾಕ್ ಚೆನ್ನಾಗಿ ಕರೀತಾಳೆ. ಮಗಳು..." ಅಜ್ಜಿ ಮೊಲ್ದಿರ್ ಕಡೆ ತಿರುಗಿದಳು. "ಮಗಳಿಗೆ ಕೈ ಸ್ವಲ್ಪ ಚುರುಕು. ಆದರೆ ಬಾಯಿ ನೆಟ್ಟಗಿದೆ. ಕೊಡು ಇವರಿಗೇ."

ಅಮ್ಮ ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

ಮೂವರೂ ಮೇಲೆ ಹತ್ತಿದರು. ಅಮ್ಮ ಮೊಲ್ದಿರ್‌ಳ ಕಿವಿಯಲ್ಲಿ "ಮನೆಗೆ ನಡಿ, ಇದೆ ನಿನಗೆ" ಎಂದಳು. ಆದರೆ ಹಿಡಿದಿದ್ದ ಕೈಯನ್ನು ಬಿಡಲಿಲ್ಲ. ಅಜ್ಜಿ ಎರಡನೇ ಮಹಡಿಯಲ್ಲಿ ಒಂದು ಮಣೆ ಇಟ್ಟಿದ್ದಳು. ಅದರ ಮೇಲೆ ಕುಳಿತು ಮಂಡಿ ತಿಕ್ಕಿಕೊಂಡಳು. ಮೊದಲು ವಾರಕ್ಕೊಂದು ಸಲ ಐದನೇ ಮಹಡಿಯವರೆಗೂ ಹೋಗಿ ಎಲ್ಲ ಬಾಗಿಲು ನೋಡಿ ಬರುತ್ತಿದ್ದಳಂತೆ. ಈ ಚಳಿಗಾಲ ಪೂರ್ತಿ ಎರಡೇ ಸಲ ಆಗಿದ್ದು.

ಕಣ್ಣಿನ ಒಳಭಾಗವನ್ನು ಅವಳು ಬೀಗದ ಕೈಗಳ ಡಬ್ಬಿಯಲ್ಲೇ ಇಟ್ಟುಕೊಂಡಿದ್ದಳು. ಅಜ್ಜಿ ಎಂಟನೇ ನಂಬರಿನ ಬೀಗ ತೆಗೆದ ಮೇಲೆ ಮೊಲ್ದಿರ್ ಚಿಂದಿ ಎಳೆದು ತೆಗೆದಳು. ಹೊರಗಿನಿಂದ ಅಜ್ಜಿ ಒತ್ತಿ ಹಿಡಿದಳು, ಒಳಗಿನಿಂದ ಮೊಲ್ದಿರ್ ಒಂದು ನಾಣ್ಯದ ಅಂಚಿನಿಂದ ತಿರುಗಿಸಿ ಬಿಗಿ ಮಾಡಿದಳು. ಆಮೇಲೆ ತುದಿಗಾಲಲ್ಲಿ ನಿಂತು ನೋಡಿದಳು. ಹೊರಗೆ ರಿಸಾಲ್ದಿ ಅಜ್ಜಿ ಬೊಂಬೆಯಷ್ಟು ಚಿಕ್ಕದಾಗಿ, ಮೂಗು ಮಾತ್ರ ದೊಡ್ಡದಾಗಿ ನಿಂತಿದ್ದಳು.

"ಕಾಣಿಸ್ತಿದೀನಾ?"

"ಕಾಣಿಸ್ತೀರಿ ಅಜ್ಜಿ."

ಹಿಂದೆ ತಿರುಗಿ ಗಾಜಿಲ್ಲದೆ ಕೋಣೆಯನ್ನು ನೋಡಿದಳು. ಗೋಡೆಗಳು ಇದ್ದಲ್ಲೇ ಇದ್ದವು. ದೂರವಾಗಿಯೇ ಇದ್ದವು.

ಅಮ್ಮ ಕಿಟಕಿಯನ್ನು ಗೇಣಿನಲ್ಲಿ ಅಳೆಯತೊಡಗಿದಳು. ಯಾವ ನಲ್ಲಿ ಸೋರುತ್ತದೆ, ಯಾವ ಕದ ಎತ್ತಿ ಹಾಕಬೇಕು ಎಂದು ಅಜ್ಜಿ ಹೇಳುತ್ತಿದ್ದಳು. ಮೊಲ್ದಿರ್ ಸದ್ದಿಲ್ಲದೆ ಹೊರಗೆ ಬಂದು ಮೇಲಿನ ಮೆಟ್ಟಿಲು ಹತ್ತಿದಳು.

ನಾಲ್ಕನೇ ಮಹಡಿಯಲ್ಲಿ ಮೂರು ಬಾಗಿಲು. ಒಂದೊಂದರ ಕಣ್ಣನ್ನೂ ಬೆರಳಿನಿಂದ ಒತ್ತಿ ನೋಡಿದಳು. ಭದ್ರವಾಗಿದ್ದವು. ಚಿಲಕಗಳನ್ನು ಎಳೆದು ನೋಡಿದಳು. ಐದನೇ ಮಹಡಿಯಲ್ಲಿ ಹದಿನಾಲ್ಕನೇ ನಂಬರಿನ ಕಣ್ಣು ಚೂರು ಅಲುಗಾಡಿತು. ಬೆರಳಿನಲ್ಲಿ ಎಷ್ಟಾಗುತ್ತದೋ ಅಷ್ಟು ಬಿಗಿಯಾಗಿ ತಿರುಗಿಸಿದಳು.

ಸೋಮವಾರ ಸ್ಕೂಲು ಬೇಗ ಬಿಡುತ್ತದೆ. ವಾರಕ್ಕೊಂದು ಸಲ ಬಾಗಿಲು ನೋಡಿ ಬರಲು ಸೋಮವಾರವೇ ಸರಿ, ಎಂದುಕೊಂಡಳು.

ಕೆಳಗಿಳಿದು ಬಂದಾಗ, ಎಲ್ಲಿಗೆ ಹೋಗಿದ್ದೆ ಎಂದು ಅಮ್ಮ ಕೇಳಿದಳು.

"ಇಲ್ಲೇ ಇದ್ದೆ," ಎಂದು ಹೇಳಿ ಮೊಲ್ದಿರ್ ಕೆಂಪು ಟೋಪಿಯನ್ನು ಕಿವಿ ಮುಚ್ಚುವಂತೆ ಹಾಕಿಕೊಂಡಳು.