ಮುರ್ತುಜಾಸಾಬನ ಎಂಟು ವಾಲ್ವುಗಳು

ಬೈಲಹೊಂಗಲದಲ್ಲಿ ಹಳೆಯ ಕಾರುಗಳ ಹುಚ್ಚು ಇದ್ದದ್ದು ನಮ್ಮಿಬ್ಬರಿಗೇ, ನನಗೆ ಮತ್ತು ಮುರ್ತುಜಾಸಾಬನಿಗೆ. ಅವನು ತೀರಿಕೊಂಡು ಐದು ತಿಂಗಳಾದ ಮೇಲೆ, ಅರ್ಧಕ್ಕೆ ನಿಂತ ಅವನ ಆಸ್ಟಿನ್ ಗಾಡಿಯನ್ನು ಮುಗಿಸಿಕೊಡಲು ಅವನ ಹೆಂಡತಿ ನೂರಬಿ ನನ್ನನ್ನು ಕರೆದರು.

ಹೊರಗೆ ಮಧ್ಯಾಹ್ನದ ಬಿಸಿಲು, ಶೆಡ್ಡಿನೊಳಗೆ ಬಾವಿಯ ತಂಪು. ಇಂಜಿನ್ನಿನ ಎಂಟು ವಾಲ್ವುಗಳನ್ನು ಅವನು ಒಂದು ರಟ್ಟಿಗೆ ಸಾಲಾಗಿ ಚುಚ್ಚಿಟ್ಟಿದ್ದ. ಯಾವ ವಾಲ್ವನ್ನು ಯಾವ ಸೀಟಿಗೆ, ಅಂದರೆ ಅದು ಕೂರುವ ಕುಳಿಗೆ, ಸೋರದಂತೆ ತಿಕ್ಕಿ ಕೂಡಿಸಿರುತ್ತೇವೋ ಅದು ಅಲ್ಲಿಗೇ ಹೋಗಬೇಕು; ಅದಲುಬದಲಾದರೆ ತಿಕ್ಕಿದ್ದೆಲ್ಲ ವ್ಯರ್ಥ. ನನ್ನ ಮೊಣಕೈ ತಗಲಿ ರಟ್ಟು ಉರುಳಿತು. ಎಂಟೂ ನೆಲದ ಮೇಲೆ ಚೆಲ್ಲಾಪಿಲ್ಲಿಯಾದವು. ಗೆಳೆಯನ ಕೊನೆಯ ಕೆಲಸ ನನ್ನ ಕೈಯಿಂದಲೇ ಹಾಳಾಯಿತೆಂದುಕೊಂಡೆ.

ಒಂದನ್ನು ಎತ್ತಿಕೊಂಡು ಸೀಟುಗಳ ಮೇಲೆ ಹಿಡಿಯುತ್ತ ಹೋದೆ. ಮೂರನೆಯದರ ಹತ್ತಿರ ಅದು ಬೆಚ್ಚಗಾಯಿತು, ಆಗಷ್ಟೇ ಯಾರದೋ ಅಂಗೈಯಿಂದ ಇಳಿದು ಬಂದಂತೆ. ಅಲ್ಲೇ ಕೂಡಿಸಿದೆ. ಉಳಿದವೂ ಹಾಗೆಯೇ ತಮ್ಮ ತಮ್ಮ ಜಾಗ ಹೇಳಿದವು. ಹೆದರಿಕೆಯಾಗಲಿಲ್ಲ, ನಿದ್ದೆಯಲ್ಲಿ ನಡೆದ ಹಾಗಿತ್ತು. ಕೊನೆಗೆ ಮೇಲೆ ಸೀಮೆಎಣ್ಣೆ ಸುರಿದು, ಎಲ್ಲಾದರೂ ಸೋರುತ್ತದೆಯೇ ಎಂದು ಪರೀಕ್ಷಿಸಿದೆ.

ನೂರಬಿ ಚಹಾ ತಂದರು. "ಏನ್ರಿ ವೆಂಕಣ್ಣಾರ, ಒಬ್ಬರ ನಗಾಕತ್ತೀರಿ? ನಿಮ್ಮ ದೋಸ್ತರ ಹುಚ್ಚು ನಿಮಗ ಪೂರಾ ಹಿಡದೈತಿ ನೋಡ್ರಿ."

"ಭಾಭಿ, ಎಂಟೂ ಎಷ್ಟ ಚಂದ ತಿಕ್ಯಾನ್ರಿ! ಒಂದ ಹನಿ ಸೋರವಲ್ದು."

ಅವರು ಚಹಾದ ಬಸಿ ಕೆಳಗಿಟ್ಟು ಇಂಜಿನ್ನಿನತ್ತ ಬಗ್ಗಿದರು.

"ಎಂಟೂ? ಐದನೇದಕ್ಕ ಕೈ ಹಚ್ಚೂ ಮುಂದನ ನಿಮ್ಮ ದೋಸ್ತರು ಎದಿ ಹಿಡಕೊಂಡು ಕುಂತ್ರಲ್ಲರಿ. ಮುಗದಿದ್ದು ನಾಕ ಅಷ್ಟ. ಆವತ್ತ ಶೆಡ್ಡಿಗೆ ಹಾಕಿದ ಕೀಲಿ ನಾ ಇವತ್ತ ತಗದೇನಿ."