ಐದು ಕೊಬ್ಬರಿ ಬಟ್ಟಲು

ಯಂತ್ರದ ಹೊಟ್ಟೆಯಿಂದ ಹೊರಗೆ ಬಂದ ಕಾವೇರಿಯ ಚೀಲವನ್ನು ತಪಾಸಣೆಯ ಹೆಂಗಸು ಪಕ್ಕಕ್ಕೆಳೆದುಕೊಂಡಳು. ಜಿಪ್ ಸರಿಸಿ, ಸೀರೆಗಳ ನಡುವೆ ಕೈ ತೂರಿಸಿ, ಒಣ ಕೊಬ್ಬರಿಯ ಬಟ್ಟಲುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟಳು.

ಇದನ್ನು ಒಯ್ಯುವಂತಿಲ್ಲ ಎಂದಳು ಹಿಂದಿಯಲ್ಲಿ. ಒಳಗೆ ಎಣ್ಣೆ ಇರುತ್ತದೆ, ಬೆಂಕಿ ಹತ್ತುತ್ತದೆ.

ಕಾವೇರಿ ಬೇಡಿಕೊಂಡಳು. ನಾಳೆ ಮನೆಯಲ್ಲಿ ಕಾರ್ಯ ಇದೆ, ಗೋವಾದ ಕೊಬ್ಬರಿಯೇ ಬೇಕೆಂದು ಅವ್ವ ಹೇಳಿ ತರಿಸಿಕೊಳ್ಳುತ್ತಿದ್ದಾಳೆ...

"ಬಿಡಂಗಿಲ್ರಿ ಅವ್ರು," ಎಂದಿತು ಬೆನ್ನ ಹಿಂದಿನ ದನಿ. "ಎಷ್ಟ್ ಕೈ ಮುಗದ್ರೂ ಬಿಡಂಗಿಲ್ಲ."

ಗೋವಾದಲ್ಲಿ, ಬೆಳ್ಳಂಬೆಳಗ್ಗೆ, ತನ್ನೂರಿನ ಕಡೆಯ ಮಾತು. ಆದರೆ ಅವಳನ್ನು ಅಲ್ಲೇ ನಿಲ್ಲಿಸಿದ್ದು ಮಾತಲ್ಲ, ಅದರ ಜೊತೆಗೆ ಬಂದ ಲಿಂಬೆಯ ವಾಸನೆ.

ತಿರುಗಿದಳು. ಅಮೋಘಸಿದ್ಧ!

ಒಂದು ಕೈಯಲ್ಲಿ ಬೆಲ್ಟು, ಇನ್ನೊಂದರಲ್ಲಿ ಫೋನು. ಅವಳ ಮುಖ ಕಂಡೊಡನೆ ಅವನ ಬಾಯಿ ಅರ್ಧ ತೆರೆದು ಹಾಗೇ ಉಳಿಯಿತು.

ಹಿಂದಿನವರು ತಳ್ಳಿದರು. ಕೊಬ್ಬರಿ ಬಟ್ಟಲುಗಳು ಲೈಟರು, ಕತ್ತರಿಗಳ ಡಬ್ಬಿಯೊಳಗೆ ಬಿದ್ದವು. ಕಾವೇರಿ ಚೀಲ ಎತ್ತಿಕೊಂಡು ನಡೆದುಬಿಟ್ಟಳು.

ಇವತ್ತೇ ಏಕೆ? ನಾಳೆಯ ನಂತರ ಎಲ್ಲಾದರೂ ಸಿಕ್ಕಿದ್ದರೆ ಆಗುತ್ತಿರಲಿಲ್ಲವೇ... ಆಗ ತಾನು ಬೇರೆಯವರ ಮನೆಯವಳಾಗಿ, ಗಟ್ಟಿಯಾಗಿ, ಹೇಗಿದ್ದೀರಿ ಎಂದು ಕೇಳಬಹುದಿತ್ತು.

ಅವಳು ಗೋವಾದ ಆಸ್ಪತ್ರೆಯೊಂದರಲ್ಲಿ ಡಯಾಲಿಸಿಸ್ ಯಂತ್ರ ನೋಡಿಕೊಳ್ಳುವವಳು. ಇಂಡಿ ತಾಲ್ಲೂಕಿನ ಝಳಕಿಯ ಮನೆಗೆ ಯಾವಾಗಲೂ ಬಸ್ಸಿನಲ್ಲೇ ಹೋಗುತ್ತಿದ್ದಳು. ಈ ಸಲ ರಜೆ ಕಡಿಮೆ. ಸೊಲ್ಲಾಪುರದವರೆಗೆ ಬೆಳಗಿನ ವಿಮಾನ, ಅಲ್ಲಿಂದ ಊರು ಹತ್ತಿರ. ಇದು ಅವಳ ಮೊದಲ ವಿಮಾನ.

ಹೋದ ವರ್ಷ ಅಮೋಘಸಿದ್ಧ ತನ್ನ ಅವ್ವ ಇಂದ್ರಾಬಾಯಿಯ ಜೊತೆ ಅವಳನ್ನು ನೋಡಲು ಝಳಕಿಗೆ ಬಂದಿದ್ದ. ಸಿಂದಗಿ ತಾಲ್ಲೂಕಿನ ದೇವಣಗಾಂವದವನು. ಇಂಡಿಯ ಲಿಂಬೆ ಕೊಂಡು ಗೋವಾದ ಹೋಟೆಲುಗಳಿಗೆ ಕಳಿಸುವ ವ್ಯಾಪಾರ. ಎಷ್ಟು ತೊಳೆದರೂ ಕೈಯ ವಾಸನೆ ಹೋಗುವುದಿಲ್ಲ ಎಂದು ಮೊದಲ ದಿನವೇ ನಾಚುತ್ತ ಹೇಳಿದ್ದ. ಎರಡೂ ಮನೆಗಳು ಒಪ್ಪಿದವು. ಆಮೇಲೆ ಫೋನು ಶುರುವಾಯಿತು. ಅವಳು ಪಾಳಿ ಮುಗಿಸಿ ಮೆಟ್ಟಿಲ ಮೇಲೆ ಕೂತು, ಅವನು ಲಿಂಬೆ ರಾಶಿಯ ಪಕ್ಕದಲ್ಲಿ ಕೂತು, ಏನೂ ಇಲ್ಲದ ಮಾತುಗಳನ್ನು ಮುಗಿಯದಂತೆ ಆಡಿದರು.

ಶ್ರಾವಣದಲ್ಲಿ ಗಂಡಿನ ಮನೆಯಿಂದ ಉಡಿ, ಹುಡುಗಿಯ ಮಡಿಲು ತುಂಬುವ ಸಾಮಾನು, ಬರಬೇಕು. ಇಂದ್ರಾಬಾಯಿ ಕಾಲು ಮುರಿದುಕೊಂಡು ಮಲಗಿದ್ದಳು. ಹಾಗಾಗಿ ಉಡಿಯ ಗಂಟನ್ನು ಮಗನೇ ಗೋವಾಕ್ಕೆ ತಂದ. ಆಸ್ಪತ್ರೆಯ ಗೇಟಿನಲ್ಲಿ ಅದನ್ನು ಅವಳ ಕೈಗಿಟ್ಟು, ಬೆವರುತ್ತ, ನಗುತ್ತ ಹೋದ.

ಕೋಣೆಗೆ ಬಂದು, ಅವ್ವನಿಗೆ ವಿಡಿಯೊ ಕರೆ ಮಾಡಿ, ಗಂಟು ಬಿಚ್ಚಿದಳು. ಅಕ್ಕಿ. ಹಸಿರು ಖಣ. ಅರಿಶಿನ ಕೊಂಬು. ಉತ್ತತ್ತಿ. ಅಡಿಕೆ.

"ಕೊಬ್ಬರಿ ಬಟ್ಟಲ ಎಲ್ಲಿ?" ಎಂದಳು ಅವ್ವ.

ಅಕ್ಕಿ ಕೆದಕಿದಳು. ಖಣ ಜಾಡಿಸಿದಳು. ಇರಲಿಲ್ಲ.

ಅವ್ವ ಎಲ್ಲವನ್ನೂ ಇನ್ನೊಮ್ಮೆ ತೋರಿಸು ಎಂದಳು. "ಬಾಯಿಲೆ ಹೇಳಾಕ ಆಗಿಲ್ಲ ಅವ್ರಿಗೆ," ಎಂದಳು ಕೊನೆಗೆ. "ಉಡಿಲೆ ಹೇಳ್ಯಾರ."

ಕೊಬ್ಬರಿ ಇಲ್ಲದ ಉಡಿಯನ್ನು ಮನಸ್ಸಿದ್ದವರು ಯಾರೂ ಕೊಡುವುದಿಲ್ಲ. ಹೆಣ್ಣಿನ ಮನೆಯವರು ಕೇಳುವಂತೆಯೂ ಇಲ್ಲ. ಕೇಳಿದರೆ ಬೇಡಿದ ಹಾಗೆ. ಅಪ್ಪ ದೇವಣಗಾಂವಕ್ಕೆ ಫೋನು ಮಾಡುವುದನ್ನು ಬಿಟ್ಟ. ಅಮೋಘಸಿದ್ಧನ ಕರೆ ಎರಡು ಸಲ ಬಂತು. ಅವಳು ಎತ್ತಲಿಲ್ಲ. ಇನ್ನೊಂದು ಸಲ ಬಂದಿದ್ದರೆ ಎತ್ತುತ್ತಿದ್ದಳು. ಬರಲಿಲ್ಲ.

ಈಗ ಮುದ್ದೇಬಿಹಾಳದ ಸಂಬಂಧ. ನಾಳೆ ಅವರು ಬಂದು ಉಡಿ ತುಂಬುತ್ತಾರೆ. ತುಂಬಿಸಿಕೊಂಡ ಮೇಲೆ ಹಿಂದೆ ಸರಿಯುವ ಮಾತೇ ಇಲ್ಲ.

ವಿಮಾನ ಚಿಕ್ಕದು, ರೆಕ್ಕೆಗೆ ಫ್ಯಾನು ಕಟ್ಟಿದಂಥದ್ದು. ಬೇಕಾದ ಸೀಟಿಗೆ ಬೇರೆ ದುಡ್ಡು ಕೊಡಬೇಕು. ಕೊಡದವರನ್ನು ಕಂಪ್ಯೂಟರು ತನಗೆ ತೋಚಿದ ಕಡೆ ಕೂರಿಸುತ್ತದೆ. ಅವಳು ತನ್ನ ಸಾಲು ಹುಡುಕಿ ನಿಂತಾಗ ಕಿಟಕಿಯ ಬಳಿ ಮೊಣಕಾಲು ಮಡಚಿ ಕೂತಿದ್ದವನು ತಲೆಯೆತ್ತಿದ.

"ಕಿಟಕಿ ಬೇಕೇನ್ರಿ?" ಎಂದ.

"ಬ್ಯಾಡ್ರಿ."

ಒಂದು ಕಾಲದಲ್ಲಿ ಅವನು ಅವಳಿಗೆ ನೀ ಎನ್ನುತ್ತಿದ್ದ.

ಇಬ್ಬರ ನಡುವಿನ ಕೈಯಾಸರೆಯ ಮೇಲೆ ಇಬ್ಬರೂ ಕೈ ಇಡಲಿಲ್ಲ. ಅದು ಬರಿದಾಗಿ ಉಳಿಯಿತು, ಯಾರೂ ದಾಟದ ಬದುವಿನ ಹಾಗೆ. ಆದರೆ ನೆಲ ಬಿಡುವಾಗ ಇಡೀ ವಿಮಾನ ನಡುಗಿತು. ಕಾವೇರಿ ಕಣ್ಣು ಮುಚ್ಚಿ ಕೈಗೆ ಸಿಕ್ಕಿದ್ದನ್ನು ಹಿಡಿದಳು. ಕಣ್ಣು ಬಿಟ್ಟರೆ ಮುಷ್ಟಿಯಲ್ಲಿ ಅವನ ಅಂಗಿಯ ತೋಳು. ಬಿಟ್ಟಳು. ತೋಳಿನ ಮೇಲೆ ಅವಳ ಬೆರಳುಗಳ ಸುಕ್ಕು ಹಾಗೇ ಇತ್ತು. ಅವನು ಅದನ್ನು ಸರಿಮಾಡಿಕೊಳ್ಳಲಿಲ್ಲ.

ಕೆಳಗೆ ಘಟ್ಟದ ಹಸಿರು ಮುಗಿದು ಬಯಲು ಶುರುವಾಯಿತು. ಫ್ಯಾನುಗಳ ಸದ್ದಿಗೆ ಮಾತು ಕೇಳಿಸುವಂತಿರಲಿಲ್ಲ. ಹೇಳಬೇಕಾದರೆ ಕಿವಿಯ ಹತ್ತಿರವೇ ಹೇಳಬೇಕು. ಅವನು ಬಾಗಿದ.

"ಮುದ್ದೇಬಿಹಾಳದವರು ಅಂತ ಕೇಳಿದೆ. ಚಲೋ ಮಂದಿ ಅಂತ."

"ಹೌದ್ರಿ. ನಾಳಿಗಿ ಬರ್ತಾರ."

"ಚಲೋ ಆತು."

ಅಷ್ಟೇನಾ? ಅವಳು ಹೇಳಿಯೇಬಿಟ್ಟಳು, ವರ್ಷವಿಡೀ ಒಳಗೇ ಇಟ್ಟುಕೊಂಡಿದ್ದನ್ನು.

"ಮನಸ್ಸಿಲ್ಲ ಅಂದ್ರ ಬಾಯಿಬಿಟ್ಟು ಹೇಳಬೇಕಿತ್ತು ನೀವು. ನಮ್ಮವ್ವನ ಮುಂದ ನನಗ ಹಂಗ ಮಾಡಬಾರದಿತ್ತು."

"ನಾ ಏನ್ ಮಾಡೀನಿ?" ಅವನ ದನಿಯೂ ಗಡುಸಾಯಿತು. "ಉಡಿ ತೊಗೊಂಡ್ ನಾನ ಬಂದಿದ್ನೆಲ್ಲ. ಫೋನ್ ಎತ್ತದಾಕಿ ನೀ."

"ಅದು ಉಡಿ ಏನ್ರಿ? ಕೊಬ್ಬರಿನ ಇರಲಿಲ್ಲ ಅದರಾಗ."

ಅವನು ಅವಳ ಮುಖವನ್ನು ನೋಡಿದ, ಮೇಲೆ ಅವಳ ಚೀಲವಿಟ್ಟ ಜಾಗವನ್ನು ನೋಡಿದ, ಮತ್ತೆ ಅವಳ ಮುಖವನ್ನು. ಆಮೇಲೆ ಕೇಳಿದ, ತೀರಾ ಮೆಲ್ಲಗೆ. ಅಷ್ಟು ಸದ್ದಿನಲ್ಲೂ ಅವಳಿಗೆ ಪ್ರತಿ ಅಕ್ಷರವೂ ಕೇಳಿಸಿತು.

"ಕಾವೇರಿ... ಈಗ ನಿನ್ನ ಕೊಬ್ಬರಿ ಏನಾತು?"

ಲೈಟರು, ಕತ್ತರಿಗಳ ಡಬ್ಬಿ ಅವಳ ಕಣ್ಣ ಮುಂದೆ ಬಂತು. ಎಷ್ಟು ಕೈ ಮುಗಿದರೂ ಬಿಡುವುದಿಲ್ಲ ಎಂದ ದನಿ ಬಂತು. ಅದು ಕಂಡವನ ಮಾತಾಗಿತ್ತು. ಕೈ ಮುಗಿದವನ ಮಾತಾಗಿತ್ತು.

"ಆವತ್ತು ವಿಮಾನದಾಗ ಬಂದಿದ್ರಾ?" ಎಂದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ.

ಅವನು ತಲೆಯಾಡಿಸಿದ. ಲಾರಿಯಲ್ಲಿ ಬಂದರೆ ಉಡಿ ಮೈಲಿಗೆಯಾಗುತ್ತದೆ ಎಂದು ಇಂದ್ರಾಬಾಯಿಯೇ ಹಟ ಹಿಡಿದು ಟಿಕೆಟು ತೆಗೆಸಿದ್ದಳಂತೆ. ಐದು ಬಟ್ಟಲನ್ನು ಮಲಗಿದಲ್ಲೇ ಕೂತು ಆರಿಸಿ, ಅರಿಶಿನ ಕುಂಕುಮ ಹಚ್ಚಿ, ತಾನೇ ಗಂಟಿಗೆ ಹಾಕಿದ್ದಳಂತೆ. ಸೊಲ್ಲಾಪುರದ ತಪಾಸಣೆಯಲ್ಲಿ ಅವನ್ನು ತೆಗೆದಿಟ್ಟುಕೊಂಡಾಗ ಅವನು ಹತ್ತಾರು ಮಾತು ಹೇಳಿ ನೋಡಿದನಂತೆ.

"ಗೋವಾದಾಗ ಕೊಳ್ಳಬೇಕಿತ್ತು. ಐದು ಬಟ್ಟಲದಾಗ ಇಷ್ಟೆಲ್ಲ ಇರ್ತೈತಂತ ನನಗೆಲ್ಲಿ ಗೊತ್ತು? ಅಕ್ಕಿ ಐತಿ, ಖಣ ಐತಿ ಅಂದ್ಕೊಂಡೆ. ಅವ್ವಗ ಹೇಳಲಿಲ್ಲ, ಕೆಟ್ಟ ಶಕುನ ಅಂತ ಅತ್ತಾಳಂತ. ನಿನಗ ಹೇಳಬೇಕಂದ್ರ... ಗೇಟಿನಾಗ ನಿನ್ನ ನೋಡಿದ್ಕೂಡಲೆ ಎಲ್ಲಾ ಮರ್ತೆ."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅಲ್ಲಿ ಅವನೇ ಇದ್ದ. ಅಳು ಬಚ್ಚಿಡಲು ಇಷ್ಟು ಅಗ್ಗದ ಸೀಟಿನಲ್ಲಿ ಜಾಗವೆಲ್ಲಿ?

ತನ್ನ ಅವ್ವ ಈಗಲೂ ಕೇಳುತ್ತಾಳೆ ಎಂದ ಅವನು. ಕಾಲು ಕೂಡಿದೆ, ಓಡಾಡುತ್ತಾಳೆ. ಆದರೂ ಆಗಾಗ, ಆ ಹುಡುಗಿ ಉಡಿ ಅಕ್ಕಿ ಉಂಡಳೋ ಇಲ್ಲವೋ ಎಂದು ಕೇಳುತ್ತಾಳೆ. ಉಂಡರೆ ಆ ಮನೆಯನ್ನು ಒಪ್ಪಿದ ಹಾಗೆ. ಗೋವಾದ ಹುಡುಗಿಗೆ ನಾವು ಹಳ್ಳಿಯವರು ಹಿಡಿಸಲಿಲ್ಲ ಎಂದು ತಾನೇ ಉತ್ತರವನ್ನೂ ಹೇಳಿಕೊಳ್ಳುತ್ತಾಳೆ.

"ಉಂಡಿಲ್ಲ," ಎಂದಳು ಕಾವೇರಿ.

"ಚೆಲ್ಲಿದೇನು?"

"ಚೆಲ್ಲಾಕ ಆಗಲಿಲ್ಲ. ಮನಿ ಆಕಳಿಗಿ ಹಾಕಬೇಕಂತ ಒಯ್ಯಾಕತ್ತೇನಿ. ನಾಳಿಗಿ ಅವ್ರು ಬರೂದ್ರಾಗ ಹಾಕಬೇಕಂತ... ಚೀಲದಾಗ ಐತಿ."

ವಿಮಾನ ಇಳಿಯತೊಡಗಿತು. ಕಿವಿ ಗುಂಯ್‌ಗುಟ್ಟಿತು. ಕಬ್ಬಿನ ಹೊಲಗಳು ಒಂದೊಂದಾಗಿ ದೊಡ್ಡವಾದವು. ಅವನು ಬರಿದಾಗಿದ್ದ ಕೈಯಾಸರೆಯ ಮೇಲೆ ಅಂಗೈ ಮೇಲಾಗಿ ತನ್ನ ಕೈ ಇಟ್ಟ. ಚಕ್ರ ನೆಲಕ್ಕೆ ತಾಗುವಾಗ ಅವಳು ಆ ಕೈ ಹಿಡಿದಳು. ಈ ಸಲ ಕಣ್ಣುಗಳು ತೆರೆದೇ ಇದ್ದವು.

ವಿಮಾನ ನಿಲ್ಲುವ ಮೊದಲೇ ಎಲ್ಲರೂ ಎದ್ದು ಚೀಲ ಎಳೆಯುತ್ತಿದ್ದರು. ಕಾವೇರಿ ಕೂತೇ ಅವ್ವನಿಗೆ ಫೋನು ಹಚ್ಚಿದಳು.

"ಅವ್ವಾ, ಕೊಬ್ಬರಿ ತರಾಕ ಆಗಲಿಲ್ಲ. ವಿಮಾನದಾಗ ಬಿಡಂಗಿಲ್ಲಂತ, ತಗದಿಟ್ಕೊಂಡ್ರು." ಉಸಿರೆಳೆದುಕೊಂಡಳು. "ಹೋದ ಶ್ರಾವಣದಾಗ ದೇವಣಗಾಂವದವರದೂ ಹಿಂಗ ತಗದಿದ್ರಂತ. ಇಂದ್ರಾಬಾಯಿ ಐದೂ ಹಾಕಿದ್ಳಂತವ್ವ."

ಆ ಕಡೆ ಮನೆಯ ಸದ್ದು. ಪಾತ್ರೆ. ಕೋಳಿ.

"ಯಾರ ಹೇಳಿದ್ರು?"

"ಬಾಜೂಕ ಕುಂತಾರ."

ಆಮೇಲೆ ಅವ್ವ ಕೇಳಿದ್ದು ಒಂದೇ ಮಾತು: ನಾಳೆಯದನ್ನು ಬೇಡವೆಂದು ಹೇಳುವುದಾದರೆ ಅಪ್ಪ ಇವತ್ತೇ ಹೇಳಬೇಕು, ಏನು ಹೇಳಲಿ? ಕಾವೇರಿ ಹೇಳಿದಳು. ಹೇಳುವಾಗ ಅವನನ್ನು ನೋಡಲಿಲ್ಲ. ಅವನ ತೋಳಿನ ಸುಕ್ಕನ್ನು ನೋಡಿದಳು.

"ಹಂಗಾದ್ರ ಅವನ್ನೂ ಕರ್ಕೊಂಡ್ ಬಾ," ಎಂದಳು ಅವ್ವ. "ಮುಂಜಾನಿಂದ ಏನ್ ಉಂಡಿರ್ತಾನೋ ಏನೋ. ರೊಟ್ಟಿ ಬಡಿತೇನಿ. ಇಂದ್ರಾಬಾಯಿ ನಂಬರ್ ಐತೇನು ಕೇಳು."

ಮೆಟ್ಟಿಲಿಳಿದಾಗ ತಮ್ಮ ಕಡೆಯ ಬಿಸಿಲು ಮುಖಕ್ಕೆ ಬಡಿಯಿತು. ಅವನು ಅವಳ ಚೀಲವನ್ನು ಕೇಳದೆಯೇ ಹೊತ್ತುಕೊಂಡಿದ್ದ.

"ವರ್ಷದ ಅಕ್ಕಿ," ಎಂದ. "ಹುಳಾ ಆಗಿರ್ತಾವ."

"ಆಗ್ಯಾವ."

"ಆದ್ರೂ ಉಣ್ತೀಯಾ?"

"ಹುಗ್ಗಿ ಮಾಡ್ಕೊಂಡು ಉಣ್ತೇನಿ. ಒಂದು ಅಗಳೂ ಬಿಡಂಗಿಲ್ಲ."

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

"ಉಡಿ ಅಕ್ಕಿ ಗಂಡಸ್ರು ಉಣಬಾರದಂತ. ಹಂಗಾದ್ರ ನಾ ಏನ್ ಮಾಡ್ಲಿ?"

ಕಾವೇರಿ ನಿಂತಳು. ಇಷ್ಟು ದಿನ ಅವನನ್ನು ನೀವು ಎಂದೇ ಕರೆದಿದ್ದಳು.

"ನೀ ಬಾಜೂಕ ಕುಂತು ಹುಳಾ ಆರಿಸು."