ಹೊಸ ಡಿಸ್ಕ್, ಹಳೇ ವಿಂಡೋಸ್

ಹುಮನಾಬಾದಿನ ತನ್ನ ರಿಪೇರಿ ಅಂಗಡಿಯಲ್ಲಿ ಧಮ್ಮಪಾಲನ ಎದೆ ಧಸಕ್ಕೆಂದಿತು. ಹಳೇ ಹಾರ್ಡ್‌ಡಿಸ್ಕಿನಲ್ಲಿದ್ದದ್ದನ್ನು ಹೊಸದಕ್ಕೆ ಕಾಪಿ ಮಾಡಬೇಕಾದವನು, ಖಾಲಿ ಡಿಸ್ಕನ್ನೇ ಹಳೆಯದರ ಮೇಲೆ ಕಾಪಿ ಮಾಡಿಬಿಟ್ಟಿದ್ದ. ಈಗ ಎರಡೂ ಬೋಳು.

ಕಂಪ್ಯೂಟರ್ ಬಸವಕಲ್ಯಾಣದ ಮನೀಷಾಳದು. ಬ್ಲೌಸಿನ ಎಂಬ್ರಾಯ್ಡರಿ ಡಿಸೈನುಗಳನ್ನೆಲ್ಲ ಅವಳು ಬಿಡಿಸುತ್ತಿದ್ದದ್ದು ಅದರಲ್ಲೇ. ಆ ಡಿಸೈನಿನ ಸಾಫ್ಟ್‌ವೇರ್ ಹಳೇ ವಿಂಡೋಸಿನಲ್ಲಲ್ಲದೆ ಓಡುತ್ತಿರಲಿಲ್ಲ.

"ರ‍್ಯಾಮ್ ಹಾಕ್ರಿ, ಡಿಸ್ಕ್ ಹಾಕ್ರಿ. ನನ್ನ ವಿಂಡೋಸ್ ಮಾತ್ರ ಮುಟ್ಟಬ್ಯಾಡ್ರಿ," ಎಂದು ಕಣ್ಣರಳಿಸಿ, ಬೆರಳಾಡಿಸಿ ಹೇಳಿದ್ದಳು. ಆ ಬೆರಳನ್ನೇ ನೋಡುತ್ತ ನಿಂತಿದ್ದನಲ್ಲ, ಮಹರಾಯ!

ಇವತ್ತು ಬಟನ್ ಒತ್ತುವ ಹೊತ್ತಿಗೇ ಅವಳ ಫೋನ್ ಬಂದಿತ್ತು. ಹೆಸರು ಕಂಡದ್ದೇ ತಡ, ಕೈ ಒಂದು ಕಡೆ, ಮನಸ್ಸು ಒಂದು ಕಡೆ.

ಹಳೇ ಡಿಸ್ಕ್ ತಾನಾಗೇ ಕೆಟ್ಟಿತು ಎಂದರೆ ಅವಳು ನಂಬುತ್ತಿದ್ದಳು. ನಿಜ ಹೇಳಿದರೆ ಮತ್ತೆ ಮುಖ ನೋಡುತ್ತಾಳೋ ಇಲ್ಲವೋ! ಬಸವಕಲ್ಯಾಣದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಸುಳ್ಳನ್ನೇ ಉರು ಹೊಡೆದ. ಮನೆಯ ಬಾಗಿಲಲ್ಲಿ ಅವಳು ನಗುತ್ತ ನಿಂತಿದ್ದಳು. ಉರು ಹೊಡೆದದ್ದೆಲ್ಲ ಮರೆತೇ ಹೋಯಿತು.

"ತಪ್ಪು ನಂದ್ರಿ. ನಾನೇ ಅಳಿಸಿಬಿಟ್ಟೀನಿ. ಹಳೇ ವಿಂಡೋಸ್ ಸಿಡಿಯಿಂದ ಮತ್ತ ಹಾಕಬಹುದು. ಡಿಸೈನ್ ಮಾತ್ರ ಬರಂಗಿಲ್ರಿ."

ಮನೀಷಾಳಿಗೆ ಸಿಡಿಲು ಬಡಿದಂತಾಯಿತು. ಹೊಸ್ತಿಲ ಮೇಲೇ ಕುಸಿದಳು. ಮದುವೆ ಸೀಸನ್ ತಲೆಯ ಮೇಲಿತ್ತು.

"ಎಲ್ಲಾ ಹೋದ್ವಾ?"

"ಎಲ್ಲಾರಿ."

ಅವಳ ಕಣ್ಣು ತುಂಬಿ ಬಂತು. ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನಿಸಿತು ಅವನಿಗೆ.

"ಡಿಸ್ಕ್ ಖರಾಬ್ ಆತು ಅಂತ ಫೋನ್‌ನ್ಯಾಗ ಅಂದಿದ್ರ ಮುಗೀತಿತ್ತು. ಯಾಕ ಬಂದ್ರಿ?"

"ನಿಮಗ ಸುಳ್ಳ ಹೇಳಾಕ ಆಗಲಿಲ್ರಿ."

ಅವಳು ಬೆರಗಾಗಿ ಅವನನ್ನೇ ನೋಡಿದಳು. ದುಪಟ್ಟಾದಿಂದ ಕಣ್ಣೊರೆಸಿಕೊಂಡಳು.

"ಡಿಸೈನ್ ನನ್ನ ಕೈಯಾಗ ಅದಾವ, ಮತ್ತ ಬಿಡಸ್ತೀನಿ. ಮುಗಿಯೂತನಕ ನೀವು ಬಾಜೂಕ ಕುಂದ್ರಬೇಕು. ಸಿಟ್ಟಂತೂ ಇಳಿದಿಲ್ಲ, ಗೊತ್ತಿರಲಿ!"

"ಕುಂದ್ರತೀನ್ರಿ."

"ಅವ್ವಗ ಇದನ್ನ ನೀವ ಹೇಳ್ರಿ. ಹಂಗ ಆ ಇನ್ನೊಂದೂ ಹೇಳಿಬಿಡ್ರಿ."

"ಯಾವ ಇನ್ನೊಂದ್ರಿ?"

"ಒಂದು ಕೇಬಲ್ ನೋಡಾಕ ಹುಮನಾಬಾದಿಂದ ಇಲ್ಲೀತನಕ ಮತ್ತ ಮತ್ತ ಬರ್ತೀರಲ್ಲ, ಅದು ಯಾಕಂತ."

ಧಮ್ಮಪಾಲ ಕಂಗಾಲಾದ. ಮುಖ ಕಿವಿಯವರೆಗೂ ಕೆಂಪೇರಿತು. ಇಷ್ಟು ದಿನ ಎದೆಯಲ್ಲಿ ಮುಚ್ಚಿಟ್ಟದ್ದು ಇವಳಿಗೆ ಹೇಗೆ ಗೊತ್ತಾಯಿತು?

"ನೀವ... ನಿಮಗ... ಒಪ್ಪಿಗಿ ಅದ ಏನ್ರಿ?"

ಮನೀಷಾ ತುಟಿಯಂಚಿನಲ್ಲಿ ನಕ್ಕು, ಒಳಗೆ ಮುಖ ತಿರುಗಿಸಿದಳು. "ಅವ್ವಾ, ಧಮ್ಮಪಾಲ ಅವರು ಏನೋ ಹೇಳಾಕ ಬಂದಾರ!"

ಅಡುಗೆಮನೆಯಿಂದ ಅವಳ ತಾಯಿ ಸುಮನಬಾಯಿಯ ದನಿ ಕೇಳಿತು.

"ಅಂತೂ ಬಾಯಿ ಬಿಟ್ನೇನವಾ? ಕುಂದ್ರಂತ ಹೇಳು, ಚಾ ಇಡ್ತೀನಿ."